ಒಂದು ನಂಬರ್ ದೊಡ್ಡ ಚಪ್ಪಲಿ

೧೯೭೯ರ ಜುಲೈ ೯, ಸೋಮವಾರ ಬೆಳಿಗ್ಗೆ ಎಂಟೂಕಾಲರ ಸುಮಾರಿಗೆ, ಚನ್ನಗಿರಿ ತಾಲ್ಲೂಕಿನ ಒಂದು ಸರ್ಕಾರಿ ಆಸ್ಪತ್ರೆಯ ವಸತಿಗೃಹದಲ್ಲಿ, ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ನನ್ನ ತಾಯಿ ಕುಳಿತಲ್ಲಿಂದ ಏಳಲಾರದೆ ಹೋದರು. ಅವರಿಗೆ ಆಗ ಅರವತ್ತಾರು ವರ್ಷ. ನಾನು ಅದೇ ಆಸ್ಪತ್ರೆಯ ಕಂಪೌಂಡರ್. ಅವರ ಕಾಲು ಊದಿರುವ ಸಂಗತಿ ಐವತ್ತೆರಡು ದಿನ ಮೊದಲೇ ನನ್ನ ಕಿವಿಗೆ ಬಿದ್ದಿತ್ತು. ಹೇಳಿದವನು ಆಸ್ಪತ್ರೆಯ ಜವಾನ ಹನುಮಂತಪ್ಪ. ಹೇಳಿದವನು ಅವನಾಗಿದ್ದರಿಂದಲೇ ನಾನು ಕೇಳಲಿಲ್ಲ.

ಈಗ ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವವರು ನಿಮ್ಮ ಅನುಭವ ಬರೆದುಕೊಡಿ ಎಂದು ಕೇಳಿದ್ದಾರೆ. ಬಡ್ತಿ, ವರ್ಗಾವಣೆ ಆದೇಶಗಳ ವಿಷಯ ಬಿಟ್ಟಿದ್ದೇನೆ. ಅವು ಸೇವಾ ಪುಸ್ತಕದಲ್ಲಿವೆ. ಇಲಾಖೆಗೆ ಬರುವ ಮೊದಲು ಎರಡು ವರ್ಷ ದಾವಣಗೆರೆಯ ಒಂದು ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಕಂಡದ್ದನ್ನು ಮೊದಲು ಬರೆ, ಕೇಳಿದ್ದನ್ನು ಯಾರಿಂದ ಕೇಳಿದೆ ಎಂದು ಹೇಳಿ ಬರೆ, ನಿನಗೆ ಅನಿಸಿದ್ದು ಯಾರಿಗೂ ಬೇಡ ಎಂದು ಅಲ್ಲಿನ ಸಂಪಾದಕರು ಹೇಳುತ್ತಿದ್ದರು. ಹನುಮಂತಪ್ಪನ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಬರೀ ಅನಿಸಿಕೆಯ ಸಂಗತಿ. ಆದರೆ ಅದರಿಂದ ನಾನು ಮಾಡಿದ ಕೆಲಸಗಳನ್ನು ಹತ್ತು ಜನ ಕಂಡಿದ್ದಾರೆ. ಆದ್ದರಿಂದ ಬರೆಯುತ್ತೇನೆ.

೧೯೭೧ರಿಂದ ಐದು ವರ್ಷ ನಾನು ಜಗಳೂರು ತಾಲ್ಲೂಕಿನಲ್ಲಿದ್ದೆ. ಆಗ ಔಷಧ ಎಂದರೆ ಬಹುಪಾಲು ಮಿಕ್ಸ್ಚರು. ರೋಗಿಗಳು ಮನೆಯಿಂದ ಬಾಟಲಿ ತರುತ್ತಿದ್ದರು. ಕಾಗದದ ಪಟ್ಟಿಯನ್ನು ಹಲ್ಲುಹಲ್ಲಾಗಿ ಕತ್ತರಿಸಿ ಬಾಟಲಿಗೆ ಅಂಟಿಸಿ, ಒಂದು ಹಲ್ಲಿನಷ್ಟು ಬೆಳಿಗ್ಗೆ, ಒಂದು ಹಲ್ಲಿನಷ್ಟು ಸಂಜೆ ಎಂದು ಹೇಳಿ ಕಳಿಸುತ್ತಿದ್ದೆವು. ಸಿರಿಂಜು ಗಾಜಿನದು; ಕುದಿಸಿ ಕುದಿಸಿ ಅದರ ಗೆರೆಗಳು ಮಾಸಿಹೋಗಿರುತ್ತಿದ್ದವು. ಮಾತ್ರೆಗಳನ್ನು ಎಣಿಸಿ ಹಳೆಯ ಪೇಪರಿನಲ್ಲಿ ಪೊಟ್ಟಣ ಕಟ್ಟುತ್ತಿದ್ದೆವು. ಪೊಟ್ಟಣದ ಮೇಲೆ ಔಷಧದ ಹೆಸರು ಬರೆಯುವ ರೂಢಿ ಇರಲಿಲ್ಲ.

ಅಲ್ಲಿ ಒಂದು ದಿನ ಶೇಂಗಾ ಹೊಲದಿಂದ ನೇರವಾಗಿ ಒಬ್ಬ ಅಜ್ಜಿ ಬಂದರು. ಎರಡು ತಿಂಗಳಿಂದ ಎದೆಯ ಮಾತ್ರೆ ನುಂಗುತ್ತಿದ್ದವರು. ವಾಂತಿ, ಊಟ ಬೇಡ.

"ಇನ್ನೇನಾಗ್ತೈತಜ್ಜಿ?" ಎಂದೆ.

"ನಗ್ಬ್ಯಾಡಪ್ಪ. ಹಾಲೂ ಹಳದಿ, ಅನ್ನಾನೂ ಹಳದಿ. ಜಗತ್ತಿಗೆಲ್ಲಾ ಅರಿಶಿಣ ಬಳ್ದಂಗೆ ಕಾಣ್ತೈತೆ. ನಿನ್ನ ಬಿಳೀ ಅಂಗೀನೂ ಮದುಮಗನ ಅಂಗಿ ಆಗೈತೆ ನೋಡು."

ನಾನು ನಗಲಿಲ್ಲ. ಅವರ ಸೆರಗಿನ ಗಂಟು ಬಿಚ್ಚಿಸಿದೆ. ಎರಡು ಪೊಟ್ಟಣ ಇದ್ದವು: ಒಂದು ನಾನು ಕೊಟ್ಟದ್ದು, ಇನ್ನೊಂದು ಮಗ ದಾವಣಗೆರೆಯ ಖಾಸಗಿ ವೈದ್ಯರಿಂದ ತಂದದ್ದು. ಎರಡರಲ್ಲೂ ಒಂದೇ ಮಾತ್ರೆ. ಅಜ್ಜಿ ಎರಡು ಕಡೆಯ ಡಾಕ್ಟರಿಗೂ ಬೇಸರವಾಗದಂತೆ ಎರಡನ್ನೂ ನುಂಗುತ್ತಿದ್ದರು. ಡಾಕ್ಟರಿಗೆ ತೋರಿಸಿದೆ. ಮಾತ್ರೆ ನಿಲ್ಲಿಸಿದರು. ಹತ್ತು ದಿನದಲ್ಲಿ ಅನ್ನ ಬೆಳ್ಳಗಾಯಿತು. ಡಾಕ್ಟರು ಎಲ್ಲರೆದುರು "ಇದು ಕಂಪೌಂಡರ ಕಣ್ಣು" ಎಂದರು. ವಯಸ್ಸಾದವರ ಎದೆಯ ಕಾಯಿಲೆ ಗುರುತಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಭಾವನೆ ನನ್ನಲ್ಲಿ ಬೇರೂರಿದ್ದು ಆ ದಿನ.

ಅದೇ ಭಾವನೆ ಹೊತ್ತು ೧೯೭೬ರಲ್ಲಿ ಚನ್ನಗಿರಿ ತಾಲ್ಲೂಕಿಗೆ ಬಂದೆ. ಆ ಊರಿನ ಹೆಸರು ಬರೆಯುವುದಿಲ್ಲ. ತ್ಯಾವಣಿಗೆ ಕಡೆಯಿಂದ ಬರುವ ಬಸ್ಸು ಆಸ್ಪತ್ರೆಯ ಎದುರು ನಿಲ್ಲುತ್ತಿತ್ತು. ಆಸ್ಪತ್ರೆಗೆ ಏಳು ಕಲ್ಲಿನ ಮೆಟ್ಟಿಲು, ಮೆಟ್ಟಿಲ ಮೇಲೆ ಪಡಸಾಲೆ. ಪಡಸಾಲೆಯ ಅಂಚಿನಲ್ಲಿ ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು. ಆ ಚಪ್ಪಲಿಗಳ ಪಕ್ಕ ಒಂದು ಸ್ಟೂಲು, ಸ್ಟೂಲಿನ ಮೇಲೆ ಜವಾನ ಹನುಮಂತಪ್ಪ. ಏಳನೇ ತರಗತಿ ಓದಿದವನು, ನನಗಿಂತ ಏಳೆಂಟು ವರ್ಷ ಚಿಕ್ಕವನು. ಅವನ ತಂದೆ ಸುತ್ತಲಿನ ಹಳ್ಳಿಗಳಿಗೆ ಚಪ್ಪಲಿ ಹೊಲಿಯುತ್ತಿದ್ದರು.

ನಂಬರ್ ಚೀಟಿ ಕೊಡುವುದು ನನ್ನ ಕೆಲಸ. ಮೊದಲ ವಾರದಲ್ಲೇ ಒಂದು ಘಟನೆ ನಡೆಯಿತು. ಮೂರನೇ ನಂಬರಿನ ದಪ್ಪ ಮನುಷ್ಯರೊಬ್ಬರು ಎದೆ ಹಿಡಿದು ಜೋರಾಗಿ ನರಳುತ್ತಿದ್ದರು. ಇಪ್ಪತ್ತೊಂದನೇ ನಂಬರಿನ ಸಣಕಲು ಅಜ್ಜ ಕಂಬಕ್ಕೆ ಒರಗಿ ನಗುತ್ತ ಕುಳಿತಿದ್ದರು. ಹನುಮಂತಪ್ಪ ಒಳಗೆ ಬಂದು ಡಾಕ್ಟರಿಗೆ, "ಸಾರ್, ಇಪ್ಪತ್ತೊಂದು ಮೊದ್ಲು ನೋಡ್ರಿ" ಎಂದ.

"ನಂಬರ್ ಪ್ರಕಾರ ಬರಲಿ" ಎಂದೆ ನಾನು.

"ಅಜ್ಜನ ಮೆಟ್ಟು ನೋಡ್ರಿ ಸಾರ್. ಪಟ್ಟಿಯ ಹೊಲಿಗಿ ಬಿಚ್ಚಿ ಸಡ್ಲ ಮಾಡ್ಯಾರೆ. ಏಳು ಮೆಟ್ಲಿಗೆ ಮೂರು ಸಲ ನಿಂತ್ರು. ನಿಂತಾಗೆಲ್ಲಾ ಅತ್ಲಾಗೆ ಏನೋ ನೋಡಿದಂಗೆ ಮಾಡಿದ್ರು. ಅಲ್ಲಿ ನೋಡಾಕೆ ಏನೂ ಇರ್ಲಿಲ್ಲ."

"ಆ ಮೂರನೆಯವರು ನರಳ್ತಿದಾರಲ್ಲಯ್ಯಾ!"

"ಬ್ಯಾನೆ ಇದ್ದೋರು ನರಳ್ತಾರೆ ಸಾರ್. ಉಸ್ರು ಇಲ್ದೋರು ನರಳಾಕೆ ಉಸ್ರು ಎಲ್ಲಿಂದ ತರ್ತಾರೆ?"

ಡಾಕ್ಟರು ಅಜ್ಜನನ್ನು ಕರೆಸಿದರು. ಶ್ವಾಸಕೋಶದ ಅರ್ಧಕ್ಕೆ ನೀರು ತುಂಬಿತ್ತು. ಮೂರನೆಯವರದು ಹಿಂದಿನ ದಿನದ ಹೋಳಿಗೆ. ಅವತ್ತು ಡಾಕ್ಟರು ಪಡಸಾಲೆಗೆ ಬಂದು ಎಲ್ಲರಿಗೂ ಕೇಳುವಂತೆ, "ಹನುಮಂತಪ್ಪ ಯಾರನ್ನ ಕಳಿಸ್ತಾನೋ ಅವರು ಮೊದಲು. ಚೀಟಿ ಆಮೇಲೆ" ಎಂದರು. ಚೀಟಿಯ ಕಟ್ಟು ನನ್ನ ಕೈಯಲ್ಲಿತ್ತು.

ಹೊಟ್ಟೆಕಿಚ್ಚು ಶುರುವಾದ ದಿನ ಯಾವುದೆಂದು ಕೇಳಿದರೆ ನಾನು ಅದನ್ನು ಹೇಳಬಲ್ಲೆ. ಅದು ಹೋಗಲಿಲ್ಲ, ಬೆಳೆಯಿತು. ಊರಿನ ಹೆಂಗಸರು ಅವನಿಗೆ ಹೀರೇಕಾಯಿ, ಅವರೆಕಾಯಿ ತಂದುಕೊಡುತ್ತಿದ್ದರು. ನನಗೆ ಬಾಟಲಿ ತಂದುಕೊಡುತ್ತಿದ್ದರು. ಪಾದರಸದ ಬಿ.ಪಿ. ಯಂತ್ರದ ಪೆಟ್ಟಿಗೆಯ ಬೀಗದ ಕೈ ಡಾಕ್ಟರು ಬಿಟ್ಟರೆ ನನ್ನಲ್ಲಿ ಮಾತ್ರ ಇತ್ತು. ಅವನು ಅದನ್ನು ಮುಟ್ಟಿರಲಿಲ್ಲ. ಆದರೂ ರೋಗಿಗಳು ಒಳಗೆ ಬರುವ ಮುನ್ನ ಅವನ ಮುಖ ನೋಡುತ್ತಿದ್ದರು.

ಅವನ ವಿದ್ಯೆಯನ್ನು ಕದ್ದು ಕಲಿಯಲು ಹೊರಟೆ. ಒಂದು ಗುರುವಾರ ಅವನು ರಜೆಯಲ್ಲಿದ್ದಾಗ ನಾನೇ ಪಡಸಾಲೆಯಲ್ಲಿ ನಿಂತು ಚಪ್ಪಲಿ ನೋಡಿದೆ. ಒಬ್ಬ ಯಜಮಾನರ ಚಪ್ಪಲಿ ಬಹಳ ಸಡಿಲವಾಗಿತ್ತು. ಪಟ್ಟಿಗೆ ಹೊಸ ಹೊಲಿಗೆ ಬಿದ್ದಿತ್ತು. ಇಪ್ಪತ್ತು ಜನರನ್ನು ಹಿಂದೆ ಸರಿಸಿ ಅವರನ್ನು ಒಳಗೆ ಕಳಿಸಿ, "ಹೃದಯದ ಕೇಸು ಸಾರ್" ಎಂದೆ. ಡಾಕ್ಟರು ಪರೀಕ್ಷೆ ಮಾಡಿದರು. ಬೆನ್ನಿನ ಮೇಲೆ ಒಂದು ಕುರು ಇತ್ತು, ಬೇರೇನೂ ಇರಲಿಲ್ಲ.

"ಚಪ್ಪಲಿ ಯಾಕೆ ಇಷ್ಟು ಸಡ್ಲ?" ಎಂದು ಕೇಳಿದೆ.

"ಇವು ನನ್ವಲ್ಲ ಕಂಪೌಂಡ್ರೇ. ಮದುವಿ ಮನ್ಯಾಗೆ ಅದ್ಲುಬದ್ಲಾದ್ವು. ನನ್ವು ಹೊಸವಿದ್ವು. ಯಾವನೋ ದೊಡ್ಡ ಕಾಲಿನೋನು ಹಾಕ್ಕಂಡೋದ."

ಪಡಸಾಲೆ ನಕ್ಕಿತು. ಒಬ್ಬ ಹೆಂಗಸು, "ಹನುಮಂತಪ್ಪ ನಾಳೆ ಬರ್ತಾನಾ ಸಾರ್?" ಎಂದು ಕೇಳಿದರು. ಇದು ನಡೆದದ್ದು ೧೯೭೮ರ ಫೆಬ್ರುವರಿಯಲ್ಲಿ. ಮಾರ್ಚಿನಲ್ಲಿ ನಾನು ಒಂದು ಆದೇಶ ತಯಾರಿಸಿದೆ. ಜಿಲ್ಲೆಯ ಅಧಿಕಾರಿಗಳು ತಪಾಸಣೆಗೆ ಬರುವವರಿದ್ದರು. ಶುಚಿತ್ವದ ದೃಷ್ಟಿಯಿಂದ ಪಾದರಕ್ಷೆಗಳನ್ನು ಪಡಸಾಲೆಯಲ್ಲಿ ಬಿಡದೆ ಕಾಂಪೌಂಡಿನ ಬೇವಿನ ಮರದ ಕೆಳಗೆ ಬಿಡತಕ್ಕದ್ದು ಎಂದು ಬರೆದೆ. ಡಾಕ್ಟರು ಇಪ್ಪತ್ತು ಕಾಗದಗಳ ನಡುವೆ ಅದಕ್ಕೂ ಸಹಿ ಹಾಕಿದರು. ಬೋರ್ಡು ಬರೆಸಿ ಮೆಟ್ಟಿಲ ಬಳಿ ನಿಲ್ಲಿಸಿದೆ. ಹೆಚ್ಚಿನ ರೋಗಿಗಳಿಗೆ ಓದಲು ಬಾರದ ಕಾರಣ ಅದನ್ನು ಓದಿ ಹೇಳುವ ಕೆಲಸ ಹನುಮಂತಪ್ಪನಿಗೇ ಬಂತು.

"ಮರದ ಕೆಳಗೆ ಬಿಟ್ರೆ ನಾಯಿ ಎತ್ತಾಕ್ಕಂಡು ಹೋಗ್ತಾವೆ ಸಾರ್" ಎಂದ.

"ಆದೇಶ ಆದೇಶ" ಎಂದೆ.

ಎರಡನೇ ದಿನವೇ ನಾಯಿ ಒಬ್ಬ ಗೌಡರ ಎಡಗಾಲಿನ ಚಪ್ಪಲಿ ಎತ್ತಿಕೊಂಡು ಹೋಯಿತು. ಗೌಡರು ಬಲಗಾಲಿನದನ್ನು ನನ್ನ ಮೇಜಿನ ಮೇಲಿಟ್ಟು, "ಇದನ್ನೂ ನೀನೇ ಇಟ್ಕಳಪ್ಪ" ಎಂದು ಬರಿಗಾಲಲ್ಲಿ ಹೋದರು. ಹನುಮಂತಪ್ಪ ತನ್ನ ಸ್ಟೂಲನ್ನು ಬೇವಿನ ಮರದ ಕೆಳಗೆ ಒಯ್ದು, ಚಪ್ಪಲಿ ಕಾಯುತ್ತ ಕುಳಿತ. ಈಗ ಅವನಿಗೆ ಚಪ್ಪಲಿಯ ಜೊತೆಗೆ ಬಸ್ಸಿನಿಂದ ಇಳಿಯುವುದೂ, ಗೇಟಿನಿಂದ ನಡೆದು ಬರುವುದೂ ಕಾಣುತ್ತಿತ್ತು. ಅವನು ಕೂಗಿ ಹೇಳುವ ಹೆಸರುಗಳು ಮೊದಲಿಗಿಂತ ಹೆಚ್ಚಾದವು.

ಆಗ ನಾನು ಅವನನ್ನು ಔಷಧದ ದಾಸ್ತಾನು ಕೋಣೆಗೆ ಹಾಕಿಸಿದೆ. ಬಾಟಲಿ ಎಣಿಸುವುದು, ಗೆದ್ದಲು ನೋಡುವುದು. ಅದು ಆಸ್ಪತ್ರೆಯ ಹಿಂಭಾಗದಲ್ಲಿತ್ತು. ಒಂದೇ ಕಿಟಕಿ. ಆ ಕಿಟಕಿಯಿಂದ ಗೇಟು ಕಾಣದು, ಮೆಟ್ಟಿಲೂ ಕಾಣದು. ನಮ್ಮ ವಸತಿಗೃಹದ ಹಿತ್ತಿಲು ಕಾಣುತ್ತಿತ್ತು, ಅಷ್ಟೇ.

ಹಿತ್ತಿಲಲ್ಲಿ ನನ್ನ ತಾಯಿ ಓಡಾಡುತ್ತಿದ್ದರು. ಅವ್ವ ಎಂದೇ ಬರೆಯುತ್ತೇನೆ. ೧೯೭೯ರ ಏಪ್ರಿಲ್‌ನಲ್ಲಿ ನನ್ನ ಹೆಂಡತಿ ಮಗಳ ಎರಡನೇ ಹೆರಿಗೆಗೆಂದು ಹರಿಹರಕ್ಕೆ ಹೋದಳು. ಮನೆಯಲ್ಲಿ ಅವ್ವ ಮತ್ತು ನಾನು. ನಲ್ಲಿಯ ನೀರು ತರುವುದು, ರೊಟ್ಟಿ, ಬಟ್ಟೆ, ಎಲ್ಲ ಅವ್ವನದೇ. ನಾನು ಮಾಡುತ್ತೇನೆ ಎಂದರೆ, "ಗಂಡಸು ಕೊಡ ಹೊತ್ರೆ ಆಸ್ಪತ್ರಿ ಜನ ನೋಡ್ತಾರೆ, ಸುಮ್ಕಿರು" ಎನ್ನುತ್ತಿದ್ದರು. ಕಿಟಕಿಯ ಆಚೆಯಿಂದ ಹನುಮಂತಪ್ಪ ಅವರೊಡನೆ ಮಾತಾಡುತ್ತಿದ್ದ. ಯಾರ ಮನೆಯಲ್ಲಿ ಎಮ್ಮೆ ಈಯಿತು, ಹಿಂದಿನ ಸಂಜೆ ಬಸ್ಸಿನಿಂದ ಯಾವ ಬೀಗರು ಇಳಿದರು, ಎಲ್ಲ ವರದಿ. ನಾನು ಊಟಕ್ಕೆ ಬಂದರೆ ಅವ್ವ ಅದನ್ನು ನನಗೆ ಹೇಳುತ್ತಿದ್ದರು. ಆ ಮಾತುಗಳಲ್ಲಿ "ಹನುಮಂತಪ್ಪ ಅಂದ" ಎಂಬುದು ಎಷ್ಟು ಸಲ ಬರುತ್ತದೆಂದು ನಾನು ಎಣಿಸುತ್ತಿದ್ದೆ. ಅವರು ಚಹಾ ಕೊಡುವಾಗ ಅವನಿಗೆ ಬೇರೆ ಲೋಟ ಇತ್ತು. ಅದನ್ನು ಹಿತ್ತಿಲ ಕಟ್ಟೆಯ ಮೇಲೆ ಬೋರಲು ಹಾಕಿಡುತ್ತಿದ್ದೆವು.

ಮೇ ೧೮ರಂದು ಅವನು ನನ್ನ ಮೇಜಿನ ಬಳಿ ಬಂದು ನಿಂತ.

"ಸಾರ್, ಒಂದು ಮಾತು. ತಪ್ಪು ತಿಳ್ಕಾಬಾರ್ದು."

"ಹೇಳು."

"ಅಮ್ಮಾರು ಯುಗಾದಿ ಆದ ಹೊಸದ್ರಾಗೆ ತುಂಬಿದ ಕೊಡ ಸೊಂಟದ ಮ್ಯಾಲೆ ಇಟ್ಕಂಡು ಬರ್ತಿದ್ರು. ಆಮ್ಯಾಲೆ ಅರ್ಧ ಕೊಡ ಆತು. ಈಗ ಚೊಂಬಿನಾಗೆ ಒಯ್ತಾರೆ. ಹತ್ತು ಸಲ ಓಡಾಡ್ತಾರೆ. ನಡುವೆ ದಾಸವಾಳದ ಗಿಡದ ತಾವ ನಿಂತು ಮೊಗ್ಗು ನೋಡ್ತಾರೆ. ಆ ಗಿಡದಾಗೆ ಮೊಗ್ಗಿಲ್ಲ ಸಾರ್."

ನಾನು ಮಾತ್ರೆ ಎಣಿಸುತ್ತಲೇ ಇದ್ದೆ.

"ನಮ್ಮಪ್ಪನ ತಾವ ಮೆಟ್ಟು ಕೊಟ್ಟು ಕಳ್ಸಿದ್ರು. ಪಟ್ಟಿ ಎರಡು ಸಲ ಸಡ್ಲ ಮಾಡ್ಸೀನಿ. ನಿಮ್ಗೆ ಹೇಳ್ಬ್ಯಾಡ ಅಂದಿದ್ರು, ಅವ್ನು ಗುಳಿಗಿ ತಂದು ಸುರೀತಾನೆ ಅಂತ. ಆದ್ರೂ ಹೇಳ್ಬೇಕು ಅನ್ನಿಸ್ತು."

ಕಾಲು ಊದಿದೆ ಎಂಬುದು ನನ್ನ ಕಿವಿಗೆ ಬೀಳುವ ಮೊದಲು, ಅವ್ವ ತನ್ನ ಚಪ್ಪಲಿಯನ್ನು ಇವನ ಕೈಗೆ ಕೊಟ್ಟರು ಎಂಬುದು ಬಿತ್ತು. ಎರಡು ಸಲ ಕೊಟ್ಟರು. ನನ್ನಿಂದ ಮುಚ್ಚಿಟ್ಟು ಕೊಟ್ಟರು.

"ನಮ್ಮ ತಾಯೀನ ನೋಡ್ಕಳಾಕೆ ನಂಗೆ ಬರ್ತೈತೆ. ನೀನು ಬಾಟ್ಲಿ ಎಣ್ಸು" ಎಂದೆ.

"ಆಗ್ಲಿ ಸಾರ್" ಎಂದು ಹೋದ.

ಅಂದು ಸಂಜೆ ಅವ್ವನ ನಾಡಿ ಹಿಡಿದು ನೋಡಿದೆ. ನಿಮಿಷಕ್ಕೆ ತೊಂಬತ್ತಾರು. ಈಗತಾನೆ ಹಿತ್ತಿಲಿಂದ ಬಂದರಲ್ಲ ಎಂದುಕೊಂಡೆ. ಬಿ.ಪಿ. ಯಂತ್ರ ತರಲಿಲ್ಲ. ಡಾಕ್ಟರಿಗೆ ಹೇಳಲಿಲ್ಲ; ಹೇಳಿದರೆ ಯಾರು ಕಂಡುಹಿಡಿದದ್ದು ಎಂಬ ಪ್ರಶ್ನೆ ಬರುತ್ತಿತ್ತು. ಅವ್ವ ಆಗಲೇ ಜೋಳದ ಚೀಲಕ್ಕೆ ಒರಗಿ ಮಲಗಲು ಶುರುಮಾಡಿದ್ದರು. ಬೇಸಿಗೆಯ ಸೆಕೆ ಎಂದರು. ಬರೆದುಕೊಳ್ಳಿ: ಎದೆಗೆ ಸುಸ್ತಾದವರು ಚಪ್ಪಟೆಯಾಗಿ ಮಲಗಲಾರರು ಎಂಬ ಪಾಠ ನನಗೆ ಗೊತ್ತಿತ್ತು. ಜಗಳೂರಿನಲ್ಲಿ ಹಲವರಿಗೆ ಅದನ್ನು ನಾನೇ ಹೇಳಿದ್ದೆ.

ಮೇ ೨೦, ಭಾನುವಾರ ದಾವಣಗೆರೆಗೆ ಹೋಗಿ ಅವ್ವನಿಗೆ ಹೊಸ ಚಪ್ಪಲಿ ತಂದೆ. ಅಂಗಡಿಯವರು ಅಳತೆ ಕೇಳಿದರು. ಒಂದು ನಂಬರ್ ದೊಡ್ಡದು ಕೊಡಿ ಎಂದೆ. ಇನ್ನು ಪಟ್ಟಿ ಸಡಿಲಿಸಲು ಯಾರ ಕೈಗೂ ಕೊಡಬೇಕಾಗಿಲ್ಲ ಎಂಬುದು ನನ್ನ ಲೆಕ್ಕ. ಅವ್ವ ಅದನ್ನು ಹಾಕಿಕೊಂಡು ಹಿತ್ತಿಲಿಗೆ ಹೋಗಿ ಕಿಟಕಿಯ ಕಡೆ ತಿರುಗಿ, "ನೋಡೋ ಹನುಮಂತಪ್ಪ, ನನ್ ಮಗ ತಂದಾನೆ. ಹೂವಿನಂಗೆ ಅದಾವೆ" ಎಂದರು.

"ಚೆನ್ನಾಗೈತೆ ಅಮ್ಮಾರೇ" ಎಂದ ಅವನು. ಅವನು ನೋಡುತ್ತಿದ್ದದ್ದು ಅವ್ವನ ಕಾಲನ್ನು.

ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಆ ದಿನದ ಸಂತೋಷ ಇನ್ನೂ ನೆನಪಿದೆ. ಚಪ್ಪಲಿ ದೊಡ್ಡದಾಗಿದ್ದರಿಂದ ಕಾಲು ಇನ್ನಷ್ಟು ಊದಿದರೂ ಬಿಗಿಯಾಗಲಿಲ್ಲ. ಬಿಗಿಯಾಗದ್ದರಿಂದ ಅವ್ವ ದೂರಲಿಲ್ಲ.

ಜುಲೈ ೯ರ ಬೆಳಿಗ್ಗೆ ನಾನು ಅಂಗಿ ಗುಂಡಿ ಹಾಕುತ್ತಿದ್ದೆ. ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂತು. ಅಡುಗೆಮನೆಗೆ ಹೋದೆ. ಅವ್ವ ಒಂದು ಕೈ ನೆಲಕ್ಕೆ ಊರಿ ಏಳಲು ನೋಡುತ್ತಿದ್ದರು. ತುಟಿ ನೀಲಿಗಟ್ಟಿತ್ತು. ಗಂಟಲಿನಲ್ಲಿ ಗುಳುಗುಳು ಸದ್ದು. ನಾನು ಅವರನ್ನು ತಬ್ಬಿ ಎತ್ತಿ ಚಾಪೆಯ ಮೇಲೆ ಮಲಗಿಸತೊಡಗಿದೆ. ಇಪ್ಪತ್ತು ವರ್ಷದ ಅನುಭವದ ಕಂಪೌಂಡರ್ ಮಾಡಿದ್ದು ಇದು. ನನ್ನ ಕೂಗು ಕೇಳಿ ದಾಸ್ತಾನು ಕೋಣೆಯಿಂದ ಓಡಿಬಂದ ಹನುಮಂತಪ್ಪ ಹಿತ್ತಿಲ ಹೊಸಿಲಲ್ಲಿ ಒಂದು ಕ್ಷಣ ನಿಂತ. ಆಮೇಲೆ ಹೊಸಿಲು ದಾಟಿ ಒಳಗೆ ಬಂದ. ಅವನು ನಮ್ಮ ಮನೆಯೊಳಗೆ ಬಂದದ್ದು ಅದೇ ಮೊದಲು.

"ಮಲಗಿಸ್ಬ್ಯಾಡ್ರೀ! ಕುಂದ್ರಿಸ್ರಿ, ಕುಂದ್ರಿಸ್ರಿ! ಕಾಲು ಕೆಳಗೆ ಬಿಡ್ರಿ!"

ಅವನೇ ಅವ್ವನನ್ನು ಎತ್ತಿ ಕಟ್ಟೆಯ ಮೇಲೆ ಕೂರಿಸಿ, ಬೆನ್ನಿಗೆ ಆ ಜೋಳದ ಚೀಲ ಕೊಟ್ಟು, ಡಾಕ್ಟರನ್ನು ಕರೆಯಲು ಓಡಿದ. ಡಾಕ್ಟರು ನೀರಿಳಿಸುವ ಇಂಜೆಕ್ಷನ್ ಕೊಟ್ಟರು. ಅವ್ವನ ಕಾಲನ್ನು ಬೆರಳಿನಿಂದ ಒತ್ತಿದರು. ಗುಳಿ ಬಿದ್ದು ಹಾಗೇ ನಿಂತಿತು.

"ಎಷ್ಟು ದಿನದಿಂದ ಊದಿದೆ?" ಎಂದು ನನ್ನನ್ನು ಕೇಳಿದರು.

ಹನುಮಂತಪ್ಪ ಬಾಗಿಲಲ್ಲಿ ನಿಂತಿದ್ದ. ನಾನು, "ಒಂದು ವಾರದಿಂದ ಸಾರ್" ಎಂದೆ. ಅವನು ಬಾಯಿ ಬಿಡಲಿಲ್ಲ. ದಾವಣಗೆರೆಯ ದೊಡ್ಡಾಸ್ಪತ್ರೆಗೆ ಬರೆದ ಚೀಟಿಯಲ್ಲಿ ಡಾಕ್ಟರು "ಒಂದು ವಾರ" ಎಂದು ಬರೆದರು. ಆ ಚೀಟಿಯಲ್ಲಿರುವುದು ತಪ್ಪು. ಈಗ ತಿದ್ದುತ್ತಿದ್ದೇನೆ.

ಹಾಲಿನ ವ್ಯಾನಿನಲ್ಲಿ ದಾವಣಗೆರೆ ಸೇರಿದೆವು. ಕಾಲುಗಳನ್ನು ಇಳಿಬಿಟ್ಟು ಕುಳಿತ ಅವ್ವನಿಗೆ ಒಂದು ಕಡೆ ನಾನು, ಇನ್ನೊಂದು ಕಡೆ ಅವನು. ಅಲ್ಲಿನ ವೈದ್ಯರು ಮತ್ತೆ ಕೇಳಿದಾಗ ಅವ್ವನಿಗೆ ಮಾತಾಡುವಷ್ಟು ಉಸಿರು ಬಂದಿತ್ತು. "ಯುಗಾದಿಯಿಂದ್ಲೂ ಹಿಂಗೇ ಐತಪ್ಪ" ಎಂದರು. ವೈದ್ಯರು ಚೀಟಿ ನೋಡಿದರು, ನನ್ನನ್ನು ನೋಡಿದರು, ಚೀಟಿಯ ಮೇಲೆ ಒಂದು ಗೆರೆ ಎಳೆದರು. ಅಲ್ಲಿ ಇಸಿಜಿ ತೆಗೆದರು. ಅವ್ವನಿಗೆ ಹಳೆಯದೊಂದು ಹೃದಯಾಘಾತ ಆಗಿಹೋಗಿತ್ತು. ಯಾವಾಗ ಎಂಬುದು ಅವ್ವನಿಗೂ ಗೊತ್ತಿರಲಿಲ್ಲ. "ಅವತ್ತೊಂದಿನ ಕಳೆ ಕೀಳುವಾಗ ಬೆವರು ಬಂತು, ಬಿಸ್ಲು ಅಂದ್ಕಂಡೆ" ಎಂದರು. ಹನ್ನೊಂದು ದಿನ ಇಟ್ಟುಕೊಂಡು ಕಳಿಸಿದರು.

ಆ ದಿನಗಳಲ್ಲಿ ಒಮ್ಮೆ ಆಸ್ಪತ್ರೆಯ ಹೊರಗೆ ಚಹಾ ಕುಡಿಯುವಾಗ ಹನುಮಂತಪ್ಪನನ್ನು ಕೇಳಿದೆ: "ನಾನು ಒಂದು ವಾರ ಅಂದಾಗ ಯಾಕೆ ಸುಮ್ನಿದ್ದೆ?"

"ಅಮ್ಮಾರಿಗೆ ಉಸ್ರು ಬರ್ಬೇಕಿತ್ತಲ್ಲ ಸಾರ್. ನಾವಿಬ್ರೂ ಜಗಳ ಆಡ್ಕಂತ ನಿಂತ್ರೆ ಆಗ್ತಿತ್ತಾ?"

ಅವನು ನನ್ನ ಮಾನ ಉಳಿಸಿದ್ದ. ಅದರಿಂದ ಹೊಟ್ಟೆಕಿಚ್ಚು ಕಡಿಮೆಯಾಯಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಕಡಿಮೆಯಾಗಲಿಲ್ಲ.

ಮನೆಗೆ ಬಂದ ಮೇಲೆ ದಿನಾ ಸ್ವಲ್ಪ ಸ್ವಲ್ಪ ನಡೆಸಬೇಕು, ಒಮ್ಮೆಲೇ ಬೇಡ, ಕೂರಿಸಿಯೂ ಬಿಡಬೇಡಿ ಎಂದು ವೈದ್ಯರು ಹೇಳಿದ್ದರು. ಹೃದಯದ ರೋಗಿ ಎಂದರೆ ಮಂಚ ಎಂದು ನಾವು ಕಲಿತ ಕಾಲ. ನಡೆಸಿ ಎಂಬುದೇ ಹೊಸದಾಗಿತ್ತು. ನಾನು ಗಡಿಯಾರ ಹಿಡಿದು ಅವ್ವನನ್ನು ಹಿತ್ತಿಲಲ್ಲಿ ನಡೆಸಿದೆ. ಹದಿನೈದು ಹೆಜ್ಜೆಗೆ ಸಾಕು ಎಂದು ಕುಳಿತರು. ಮರುದಿನವೂ ಹದಿನೈದು. ಮೂರನೇ ದಿನ ನಾನು ಊಟಕ್ಕೆ ಬರುವಾಗ ಅವ್ವ ಹನುಮಂತಪ್ಪನ ಜೊತೆ ಬೇವಿನ ಮರದ ಹತ್ತಿರ ಬಂದಿದ್ದರು. ಮನೆಯಿಂದ ಅಲ್ಲಿಗೆ ಎಪ್ಪತ್ತು ಹೆಜ್ಜೆಯಿದೆ.

"ನನ್ನ ಜೊತೆ ಯಾಕೆ ಬರ್ಲಿಲ್ಲವ್ವಾ?" ಎಂದೆ.

"ನೀ ಗಡಿಯಾರ ಹಿಡ್ಕಂಡು ನಿಲ್ತೀಯಪ್ಪ. ಅದನ್ನ ನೋಡಿದ್ರೇ ಎದಿ ಹಾರ್ತೈತೆ. ಇವ್ನು ಗೌಡ್ರ ಮನಿ ಜಗಳ ಶುರು ಮಾಡಿದ, ಅದು ಮುಗ್ಯಾದ್ರಾಗೆ ಇಲ್ಲಿಗೆ ಬಂದಿದ್ವಿ. ಜಗಳ ಇನ್ನೂ ಬಾಕಿ ಐತೆ."

ಅವನು ಕಥೆಯನ್ನು ಅಳೆದು ಹೇಳುತ್ತಿದ್ದ. ವಾರಕ್ಕೆ ಹತ್ತು ಹೆಜ್ಜೆ ಹೆಚ್ಚುವಷ್ಟು ಉದ್ದ. ಅವ್ವನ ಉಸಿರು ಮಾತಿಗೆ ಅಡ್ಡ ಬಂದರೆ ನಿಲ್ಲಿಸುತ್ತಿದ್ದ. ದಸರೆ ಹೊತ್ತಿಗೆ ಅವ್ವ ಗೇಟಿನವರೆಗೆ ಹೋಗಿ ಬರುತ್ತಿದ್ದರು. ಕಟ್ಟೆಯ ಮೇಲೆ ಒಲೆ ಎತ್ತರಿಸಿ ಕೊಟ್ಟ ಮೇಲೆ ನಿಂತು ರೊಟ್ಟಿ ಮಾಡುತ್ತಿದ್ದರು. ಕೊಡ ಮತ್ತೆ ಹೊರಲಿಲ್ಲ. ಹಿತ್ತಿಲ ಕಟ್ಟೆಯ ಮೇಲಿನ ಲೋಟ ಅಷ್ಟರಲ್ಲಿ ಇರಲಿಲ್ಲ. ಅವ್ವ ಅದನ್ನು ಒಳಗಿನ ಲೋಟಗಳ ಜೊತೆ ಸೇರಿಸಿಬಿಟ್ಟಿದ್ದರು. ಯಾವುದು ಅವನದೆಂದು ಆಮೇಲೆ ಗೊತ್ತಾಗಲಿಲ್ಲ. ಸೆಪ್ಟೆಂಬರ್‌ನಲ್ಲಿ ನಾನು ಮೆಟ್ಟಿಲ ಬಳಿಯ ಆ ಬೋರ್ಡು ಕೀಳಿಸಿ, ಹನುಮಂತಪ್ಪನ ಸ್ಟೂಲನ್ನು ಮತ್ತೆ ಪಡಸಾಲೆಯಲ್ಲಿ ಹಾಕಿಸಿದೆ.

೧೯೮೩ರಲ್ಲಿ ನನಗೆ ಹೊನ್ನಾಳಿಗೆ ವರ್ಗವಾಯಿತು. ಅವ್ವ ಬಂದರು. ಹೊಳೆಯ ದಂಡೆಯವರೆಗೆ ನಡೆಯುತ್ತಿದ್ದರು, ಮೆಟ್ಟಿಲು ಇಳಿಯುತ್ತಿರಲಿಲ್ಲ. ೧೯೮೫ರ ಫೆಬ್ರುವರಿಯಲ್ಲಿ, ಮಧ್ಯಾಹ್ನ ಊಟವಾದ ಮೇಲೆ ಗೋಡೆಗೆ ಒರಗಿ ಕುಳಿತಲ್ಲೇ ತೀರಿಕೊಂಡರು. ಕಾಲು ಊದಿರಲಿಲ್ಲ. ಹನುಮಂತಪ್ಪ ಬಸ್ಸು ಹತ್ತಿ ಬಂದ. ಅವನು ನನಗಿಂತ ಹೆಚ್ಚು ಅತ್ತ. ಅದನ್ನೂ ನಾನು ಗಮನಿಸಿದೆ.

ಹೊನ್ನಾಳಿಯಲ್ಲಿ ನಾನು ಒಳ್ಳೆಯ ಹೆಸರು ಮಾಡಿದೆ. ಹೇಗೆ ಎಂದು ಹೇಳುತ್ತೇನೆ, ನಿಮಗೆ ಕೆಲಸಕ್ಕೆ ಬರುತ್ತದೆ. ವಯಸ್ಸಾದವರನ್ನು "ಸುಸ್ತಾಗ್ತದಾ?" ಎಂದು ಕೇಳಬೇಡಿ, ಇಲ್ಲ ಎನ್ನುತ್ತಾರೆ. ಹೋದ ಯುಗಾದಿಗೆ ತಾವೇ ಮಾಡುತ್ತಿದ್ದ ಯಾವ ಕೆಲಸವನ್ನು ಈಗ ಮನೆಯಲ್ಲಿ ಬೇರೆಯವರು ಮಾಡುತ್ತಾರೆ ಎಂದು ಕೇಳಿ. ಅದನ್ನು ಮನೆಯವರ ಮುಂದೆ ಕೇಳಿ. ಒಮ್ಮೆ ಗೋವಿನಕೋವಿಯಿಂದ ಗಂಡ ಹೆಂಡತಿ ಬಂದಿದ್ದರು. ಇಬ್ಬರಿಗೂ ಎಪ್ಪತ್ತರ ಹತ್ತಿರ.

"ಎಲ್ಲಾ ಕೆಲ್ಸ ನಾನೇ ಮಾಡ್ತೀನ್ರೀ. ಕಬ್ಬಿಣ ಇದ್ದಂಗೆ ಇದೀನಿ" ಎಂದರು ಯಜಮಾನರು.

"ಏನ್ ಮಾಡ್ತೀರಿ?" ಹೆಂಡತಿ ತಿರುಗಿದರು. "ಬಾವಿ ಹಗ್ಗ ನಾನ್ ಸೇದ್ತೀನಿ. ಎಮ್ಮಿ ನಾನ್ ಕಟ್ತೀನಿ. ಸ್ನಾನಕ್ಕೆ ಬೆನ್ನು ಉಜ್ಜಾದು ನಾನು. ನಿನ್ನೆ ಪಂಚೆ ಹಿಂಡಾಕೂ ನನ್ನೇ ಕರುದ್ರಿ. ಊಟ ಒಂದು ನೀವೇ ಮಾಡ್ತೀರಿ, ಅದೂ ಎರಡು ತುತ್ತಿಗೆ ಸಾಕಂತೀರಿ!"

ಯಜಮಾನರ ಹೃದಯದ ಬಡಿತ ತಾಳ ತಪ್ಪಿತ್ತು. ಸಮಯಕ್ಕೆ ಶಿವಮೊಗ್ಗ ಸೇರಿದರು. ನಮ್ಮ ಹೊಸ ಡಾಕ್ಟರು, "ಈ ಪ್ರಶ್ನೆ ಕೇಳೋದು ಎಲ್ಲಿ ಕಲಿತ್ರಿ?" ಎಂದರು.

"ಅನುಭವ ಸಾರ್" ಎಂದೆ. ಹನುಮಂತಪ್ಪನ ಹೆಸರು ಹೇಳಲಿಲ್ಲ. ಹೊನ್ನಾಳಿಯಲ್ಲಿ ಮೂರು ವರ್ಷ, ನ್ಯಾಮತಿಯಲ್ಲಿ ಮೂರು ವರ್ಷ, ಒಟ್ಟು ಆರು ವರ್ಷದಲ್ಲಿ ಒಮ್ಮೆಯೂ ಹೇಳಲಿಲ್ಲ.

೧೯೮೯ರ ಆಗಸ್ಟ್ ೩೧ರಂದು ನ್ಯಾಮತಿಯಲ್ಲಿ ನಿವೃತ್ತನಾದೆ. ಅಲ್ಲೇ ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದೆವು. ಹದಿನಾಲ್ಕು ಮೆಟ್ಟಿಲು. ಅಕ್ಟೋಬರ್ ೧೫, ಭಾನುವಾರ ಹನುಮಂತಪ್ಪ ಮಗಳ ಮದುವೆಗೆ ಕರೆಯಲು ಬಂದ. ತಲೆ ಬೆಳ್ಳಗಾಗಿತ್ತು. ಬಸ್ ನಿಲ್ದಾಣದಿಂದ ಅವನನ್ನು ಕರೆತಂದು, ಇಬ್ಬರೂ ಮೆಟ್ಟಿಲು ಹತ್ತಿದೆವು. ನಡುವೆ ನಾನು ಎದುರಿನ ಅಂಗಡಿಯ ಬೋರ್ಡು ನೋಡಲು ನಿಂತೆ. ಇನ್ನು ಸ್ವಲ್ಪ ಮೇಲೆ ಹೋಗಿ, ರಸ್ತೆಯಲ್ಲಿ ಯಾರೋ ಪರಿಚಯದವರು ಹೋದಂತಾಯಿತು, ನೋಡಿದೆ. ಮೇಲೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟೆವು.

ಅವನು ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ಕೆಳಗೆ ನೋಡುತ್ತಿದ್ದ.

"ಹೊಸ ಮೆಟ್ಟಾ ಸಾರ್?"

"ಹೌದು. ಹೋದ ತಿಂಗಳು ಶಿವಮೊಗ್ಗದಾಗೆ ತಗಂಡೆ."

"ಒಂದು ನಂಬರ್ ದೊಡ್ಡವು ತಗಂಡೀರಿ."

"ಹಳೇವು ಕಚ್ತಿದ್ವು."

"ಎಂದಿನಿಂದ ಕಚ್ತಿದ್ವು ಸಾರ್?"

ನನ್ನ ಹೆಂಡತಿ ಅಡುಗೆಮನೆಯಿಂದ ಬಂದು ನಿಂತಳು. ನನಗೆ ಸಿಟ್ಟು ಬಂತು. ಎರಡು ತಿಂಗಳಿಂದ ನನ್ನ ಜೊತೆಗೇ ಇದ್ದ ಸಂಗತಿಯನ್ನು ಇವನು ಹದಿನಾಲ್ಕು ಮೆಟ್ಟಿಲಿನಲ್ಲಿ ಕಂಡಿದ್ದ.

"ಒಳಗೆ ಬಾ ಮೊದ್ಲು" ಎಂದೆ.

"ಬರ್ತೀನಿ. ನಾಳೆ ಮೊದ್ಲನೇ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಾನ ಅಂದ್ರೆ ಬರ್ತೀನಿ. ಇಲ್ಲಾಂದ್ರೆ ಇಲ್ಲೇ ಕುಂದಿರ್ತೀನಿ. ನಿಮ್ಮನ್ಯಾಗೆ ಸ್ಟೂಲು ಐತಾ ಅಕ್ಕಾರೇ?"

ನನ್ನ ಹೆಂಡತಿ ಸ್ಟೂಲು ತಂದು ಹಾಕಿದಳು.

ಅಕ್ಟೋಬರ್ ೧೬ರಂದು ಶಿವಮೊಗ್ಗದಲ್ಲಿ ಇಸಿಜಿ, ಎಕ್ಸ್‌ರೇ ತೆಗೆದರು. ಹೃದಯ ಹಿಗ್ಗಿದೆ ಎಂದರು. ಕಾಲು ಎಷ್ಟು ದಿನದಿಂದ ಊದಿದೆ ಎಂದು ವೈದ್ಯರು ಕೇಳಿದರು. ಹನುಮಂತಪ್ಪ ಬಾಗಿಲಲ್ಲಿ ನಿಂತಿದ್ದ. ಆಗಸ್ಟ್ ಮೊದಲ ವಾರದಿಂದ ಎಂದು ಹೇಳಿದೆ. ಅವರು ಹಾಗೆಯೇ ಬರೆದುಕೊಂಡರು.

ಎರಡು ಬಗೆಯ ಮಾತ್ರೆ ಕೊಟ್ಟಿದ್ದಾರೆ. ಉಪ್ಪು ಕಡಿಮೆ ಮಾಡಿದ್ದೇವೆ. ದಿನಾ ಬೆಳಿಗ್ಗೆ ನಡೆಯುತ್ತೇನೆ. ಇಂದು ಡಿಸೆಂಬರ್ ೩. ಹದಿನಾಲ್ಕು ಮೆಟ್ಟಿಲಿಗೆ ಒಂದು ಸಲ ನಿಲ್ಲುತ್ತೇನೆ.